ನೀಲಿ ಜಪಾನಿನಲ್ಲೊಂದು ಹಸಿರು ಸೀರೆ

ಆಂಟಿ ಜಪಾನಿನಲ್ಲಿ ಚೆರ್ರಿ ಹೂವು ನೋಡಿದ್ದಾರೋ ಇಲ್ಲವೋ ಎಂಬ ಬಗ್ಗೆ ಅವರ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ನೋಡಿದ್ದಾರೆ ಎಂಬುದು ಅಂಕಲ್ ಅಭಿಪ್ರಾಯ. ನೋಡಿಲ್ಲ ಎಂಬುದು ಆಂಟಿಯದು. ಕಣ್ಣು ಆಂಟಿಯವೇ ಆದ್ದರಿಂದ ಅವರ ಮಾತಿಗೆ ತೂಕ ಹೆಚ್ಚಿರಬೇಕಿತ್ತು. ಆದರೆ ವಿಡಿಯೋ ಟೇಪು ಅಂಕಲ್ ಬಳಿ ಇತ್ತು.

ಇಬ್ಬರೂ ನನಗೆ ನೆಂಟರಲ್ಲ. 2008ರಲ್ಲಿ ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಊರಿನ ಲಾ ಹೋಯಾದಲ್ಲಿರುವ ವಿಶ್ವವಿದ್ಯಾಲಯಕ್ಕೆ ಓದಲು ಬಂದಾಗ ಒಂದು ಶನಿವಾರ ಊಟಕ್ಕೆ ಕರೆದರು, ಹೋದೆ, ಆಮೇಲೆ ಹೋಗುವುದನ್ನು ನಿಲ್ಲಿಸಲಿಲ್ಲ. ಅಷ್ಟೇ ಸಂಬಂಧ. ಅಂಕಲ್ ಧಾರವಾಡದವರು. ಇಪ್ಪತ್ತೆರಡು ತುಂಬುವವರೆಗೆ ಸಮುದ್ರವನ್ನೇ ನೋಡಿರದಿದ್ದ ಆ ಮನುಷ್ಯ ಮೂವತ್ತು ವರ್ಷ ಅಲೆಗಳನ್ನು ಅಳೆದು ಸಂಬಳ ತೆಗೆದುಕೊಂಡು ನಿವೃತ್ತರಾಗಿದ್ದರು. ಆಂಟಿ ಮೈಸೂರಿನವರು, ಇಲ್ಲಿನ ಒಂದು ಶಾಲೆಯ ಲೈಬ್ರರಿಯಲ್ಲಿದ್ದವರು. ಅಂಕಲ್ ತಾವು ಅಳೆಯದ್ದನ್ನು ನಂಬುತ್ತಿರಲಿಲ್ಲ, ಆಂಟಿ ಅಂಕಲ್ ಅಳೆದದ್ದನ್ನು ನಂಬುತ್ತಿರಲಿಲ್ಲ. ಸಂಸಾರ ಚೆನ್ನಾಗಿ ನಡೆಯುತ್ತಿತ್ತು.

ಓದು ಮುಗಿದ ಮೇಲೆ ನನಗೆ ಲಾಸ್ ಏಂಜಲಿಸ್ ಪಕ್ಕದ ಬರ್ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಸಿನಿಮಾ ಮತ್ತು ಟೀವಿ ಚಿತ್ರಗಳ ಬಣ್ಣ ಸರಿಪಡಿಸುವ ಕೆಲಸ. ಕತ್ತಲೆ ಕೋಣೆಯಲ್ಲಿ ಕೂತು ಮಧ್ಯಾಹ್ನವನ್ನು ಮುಸ್ಸಂಜೆ ಮಾಡುವುದು, ಜಾಂಡೀಸ್ ಬಂದವಳಂತೆ ಕಾಣುವ ನಟಿಯನ್ನು ಆರೋಗ್ಯವಂತೆ ಮಾಡುವುದು. ನಾನು ನೆನಪನ್ನು ನಂಬದಿರುವುದಕ್ಕೆ ಗಹನವಾದ ಕಾರಣಗಳೇನೂ ಇಲ್ಲ. ವಾರಕ್ಕೆ ಐದು ದಿನ ಆಕಾಶದ ಬಣ್ಣ ತಿರುಚುವವಳು ಆರನೆಯ ದಿನ ಯಾವ ಮುಖ ಹೊತ್ತು ನೆನಪನ್ನು ನಂಬಿಯಾಳು? ಹಾಗಾಗಿ ಇಲ್ಲಿ ಬರೆದಿರುವ ಮಾತುಗಳು ಆಡಿದ ಹಾಗೆಯೇ ಇವೆ ಎಂದು ಆಣೆ ಮಾಡಲಾರೆ. ವರ್ಷದ ಬಗ್ಗೆಯೂ ಸಂಶಯವಿದೆ. 2014 ಅಂದುಕೊಳ್ಳೋಣ, ಏಕೆಂದರೆ ಆಗ ನನ್ನ ಕಾರಿನ ಏಸಿ ಕೆಟ್ಟಿತ್ತು, ಸ್ಯಾನ್ ಡಿಯಾಗೋಗೆ ಬರುವಷ್ಟರಲ್ಲಿ ಪ್ರತಿಸಲವೂ ನಾನು ಸ್ನಾನ ಮಾಡಿದವಳಂತೆ ಕಾಣುತ್ತಿದ್ದೆ. ಏಸಿ ಎರಡು ವರ್ಷ ಕೆಟ್ಟಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಆ ವರ್ಷ ಸಂಕ್ರಾಂತಿಯ ಎಳ್ಳು ಕೊಡುತ್ತಾ ಆಂಟಿ, "ಈ ಸಲ ಚೆರ್ರಿ ಹೂವಿಗೆ ಜಪಾನಿಗೆ ಹೋಗೋಣಾಂತ," ಅಂದರು. ಅಂಕಲ್ ಪೇಪರಿನಿಂದ ತಲೆ ಎತ್ತದೆ, "ನೋಡಿ ಬಂದೀವಲ್ಲ," ಅಂದರು. ಮಾತು ಅಲ್ಲಿಗೆ ನಿಂತಿತು. ಮಾರ್ಚಿನಲ್ಲಿ ಅಂಕಲ್ ತಮ್ಮ ಲೆಕ್ಕದಲ್ಲಿ ಒಂದು ರಾಜಿಸೂತ್ರ ಹುಡುಕಿದರು. ಸ್ಯಾನ್ ಡಿಯಾಗೋದ ದೊಡ್ಡ ಪಾರ್ಕಿನೊಳಗೆ ಜಪಾನೀ ಶೈಲಿಯ ತೋಟವಿದೆ, ಅಲ್ಲಿ ಚೆರ್ರಿ ಮರಗಳಿವೆ, ಮನೆಯಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರಾಯಿತು.

ನಮ್ಮವರಲ್ಲಿ ಇಬ್ಬರು ಎಲ್ಲಿಗಾದರೂ ಹೊರಡುತ್ತಾರೆ ಎಂದರೆ ಅದು ಇಬ್ಬರಲ್ಲಿ ನಿಲ್ಲುವುದಿಲ್ಲ. ಇನ್ನೂ ಮೂರು ಕುಟುಂಬಗಳು ಬಂದವು. ಬಿಸಿಬೇಳೆಬಾತಿನ ದೊಡ್ಡ ಟ್ರೇ ಬಂತು, ಮೊಸರನ್ನ ಬಂತು, ಚಾಪೆ ಬಂತು. ತೋಟದೊಳಗೆ ಊಟ ತರುವಂತಿಲ್ಲ ಎಂದು ಬಾಗಿಲಲ್ಲಿ ಹೇಳಿದರು. ಆದ್ದರಿಂದ ನಾವು ಮೊದಲು ಪಾರ್ಕಿಂಗ್ ಲಾಟಿನಲ್ಲಿ ಎರಡು ವ್ಯಾನುಗಳ ನಡುವೆ ಚಾಪೆ ಹಾಸಿ ಊಟ ಮುಗಿಸಿ, ಆಮೇಲೆ ತೇಗುತ್ತಾ ಸೌಂದರ್ಯ ನೋಡಲು ಒಳಗೆ ಹೋದೆವು.

ಸ್ಯಾನ್ ಡಿಯಾಗೋದ ಚಳಿ ಚೆರ್ರಿಗೆ ಸಾಲದು. ಮರಗಳು ಹೂವು ಬಿಡುತ್ತವೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ, ಕೊಂಬೆಗೆ ನಾಲ್ಕೋ ಐದೋ. ಒಬ್ಬರ ಮೊಮ್ಮಗಳು, "ಅಜ್ಜೀ, ವಿಚ್ ಒನ್ ಈಸ್ ದ ಟ್ರೀ?" ಎಂದು ಕೇಳಿತು. ಅಜ್ಜಿ ಮರವನ್ನೇ ತೋರಿಸಿ, "ಇದೇ ಕಣೇ ಪುಟ್ಟೀ," ಅಂದರು. "ದಿಸ್?" ಎಂದಿತು ಮಗು.

"ಇದೂ ಚೆರೀನ ಅದ, ನೋಡು," ಅಂದರು ಅಂಕಲ್, ಆಂಟಿಯ ಕಡೆ ತಿರುಗಿ.

"ಚೆರ್ರೀನೇರೀ. ಟೈಫಾಯ್ಡ್ ಬಂದು ಎದ್ದಿರೋ ಚೆರ್ರಿ," ಅಂದರು ಆಂಟಿ.

ಮನೆಗೆ ಬಂದು ಕಾಫಿ ಕುಡಿಯುವಾಗ ಜಗಳ ಶುರುವಾಯಿತು. ಮೂರು ಕುಟುಂಬಗಳೂ ತಮ್ಮ ಮನೆಗಳಿಗೆ ಹೋಗಿದ್ದವು. ನಾನು ಅವರ ಮೆಷಿನ್ನಿನಲ್ಲಿ ಬಟ್ಟೆ ಒಗೆಯಲು ಹಾಕಿದ್ದರಿಂದ ಹೋಗುವಂತಿರಲಿಲ್ಲ.

"ಒಂದ್ಸಲ ಸರಿಯಾಗಿ ನೋಡ್ಬೇಕು ಅನ್ನೋದು ತಪ್ಪಾ?"

"ಎರಡನೇ ಸಲ ಅನ್ನು."

"ನೀವು ನೋಡಿದೀರಿ. ನಾನು ಹೋಟೆಲ್ ರೂಮಲ್ಲಿದ್ದೆ."

"ಹಂಗಾದರ ಗಿಡದ ಕೆಳಗ ನಿಂತಾಕಿ ಯಾರು?"

ಆಂಟಿ ನನ್ನ ಕಡೆ ನೋಡಿದರು. "ಪ್ರತಿಸಲ ಇಲ್ಲಿಗೇ ಬಂದು ನಿಲ್ಲತ್ತೆ ನೋಡು."

ಕಥೆ ಇಷ್ಟು. ತೊಂಬತ್ತರ ದಶಕದಲ್ಲಿ ಅಂಕಲ್ ಒಂದು ಸಮುದ್ರವಿಜ್ಞಾನದ ಸಮ್ಮೇಳನಕ್ಕೆಂದು ಜಪಾನಿಗೆ ಹೋಗಿದ್ದರು, ಆಂಟಿಯೂ ಜೊತೆಗಿದ್ದರು. ಕೊನೆಯ ದಿನ ಸಮ್ಮೇಳನದವರು ಎಲ್ಲರನ್ನೂ ಬಸ್ಸಿನಲ್ಲಿ ಹೂವು ನೋಡಲು ಕರೆದುಕೊಂಡು ಹೋದರು. ಆ ದೇಶದಲ್ಲಿ ಏನು ಮುಟ್ಟಿದರೂ ಅದರಲ್ಲಿ ಮೀನಿನ ಸಾರಿರುತ್ತಿತ್ತು. ಆದ್ದರಿಂದ ಗುಂಪಿನಲ್ಲಿದ್ದ ಸಸ್ಯಾಹಾರಿಗಳಿಗೆಲ್ಲ ಆಂಟಿ ಹೋಟೆಲ್ ಕೋಣೆಯಲ್ಲಿ, ಕ್ಯಾಲಿಫೋರ್ನಿಯಾದಿಂದ ಒಯ್ದಿದ್ದ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನ ಮಾಡುತ್ತಿದ್ದರು. ಆ ಬೆಳಗ್ಗೆ ಕುಕ್ಕರು ಇಡೀ ಮಹಡಿಯ ಕರೆಂಟು ತೆಗೆಯಿತು. ಮ್ಯಾನೇಜರ್ ಬಂದ, ಎಲೆಕ್ಟ್ರಿಷಿಯನ್ ಬಂದ. ಅವರು ಬಗ್ಗಿ ಕ್ಷಮೆ ಕೇಳಿದರು, ಆಂಟಿಯೂ ಬಗ್ಗಿ ಕ್ಷಮೆ ಕೇಳಿದರು, ಯಾರು ಮೊದಲು ನೆಟ್ಟಗಾಗಬೇಕೆಂದು ಗೊತ್ತಾಗದೆ ಬಹಳ ಹೊತ್ತು ಹಾಗೇ ನಡೆಯಿತು. ಅಷ್ಟರಲ್ಲಿ ಬಸ್ಸು ಹೋಯಿತು. ಮರುದಿನ ಮಳೆ, ವಿಮಾನ, ಸ್ಯಾನ್ ಡಿಯಾಗೋ. ಇದು ಆಂಟಿಯ ಕಥೆ.

ಅಂಕಲ್ ಕಥೆಯಲ್ಲಿ ಆಂಟಿ ಬಸ್ಸಿನ ಹಿಂದೆ ಹೆಂಗಸರ ಜೊತೆ ಕೂತಿದ್ದರು, ಪಾರ್ಕಿನಲ್ಲಿ ಮರದ ಕೆಳಗೆ ನಿಂತಿದ್ದರು, ಅಂಕಲ್ ಅದನ್ನು ದೂರದಿಂದ ಹೊಸ ಕ್ಯಾಮೆರಾದಲ್ಲಿ ಹಿಡಿದಿದ್ದರು. ಟೇಪಿನ ಡಬ್ಬಿಯ ಮೇಲೆ "ಹೆಂಡತಿ, ಚೆರ್ರಿ ಗಿಡದ ಕೆಳಗೆ" ಎಂದು ಅವರದೇ ಅಕ್ಷರದಲ್ಲಿ ಬರೆದಿತ್ತು. ಬಂದವರಿಗೆಲ್ಲ ತೋರಿಸಿದ್ದರು. ಆಂಟಿ ಪ್ರತಿಸಲವೂ ಅಲ್ಲ ಅಂದಿದ್ದರು, ಬಂದವರು ಪ್ರತಿಸಲವೂ ನಕ್ಕಿದ್ದರು.

ಅಂಕಲ್ ಆ ದಿನವೂ ಟೇಪು ಹಾಕಿದರು. ನಾನು ಅದನ್ನು ನೋಡಿದ್ದು ಅದೇ ಮೊದಲು. ಇಡೀ ಜಪಾನ್ ನೀಲಿಯಾಗಿತ್ತು. ಹೋಟೆಲಿನ ದೀಪದ ಬೆಳಕಿಗೆ ಹೊಂದಿಸಿದ ಕ್ಯಾಮೆರಾವನ್ನು ಹಾಗೇ ಬಯಲಿಗೆ ತಂದರೆ ಹೀಗಾಗುತ್ತದೆ. ನೀಲಿ ಹುಲ್ಲು, ನೀಲಿ ಜನ, ಮಂಜುಗಡ್ಡೆಯಂಥ ಹೂವು, ಅದರ ಕೆಳಗೆ ಬೆನ್ನು ತೋರಿಸಿ ನಿಂತ ಒಬ್ಬ ಹೆಂಗಸು. ಹದಿನಾಲ್ಕು ಸೆಕೆಂಡು. ಕೊನೆಯಲ್ಲಿ ಆಕೆ ಏನೋ ಎತ್ತಿಕೊಳ್ಳಲು ಪಕ್ಕಕ್ಕೆ ಬಾಗುತ್ತಾಳೆ, ಅಷ್ಟಕ್ಕೆ ಮುಗಿಯುತ್ತದೆ.

"ಇದು ನಿನ್ನ ಗಿಣಿಹಸರ ಮೈಸೂರ ಸಿಲ್ಕು," ಅಂದರು ಅಂಕಲ್.

"ನಂಗೆ ಕಪ್ಪು ಕಾಣ್ತಿದೆ."

ಅಂಕಲ್ ನನ್ನ ಕಡೆ ತಿರುಗಿದರು. "ಏನವಾ, ನಿನ್ನ ಕೆಲಸ ಇದ ಅಲ್ಲೇನು? ಬಣ್ಣ ಸರಿ ಮಾಡಿಕೊಂಡು ಬಾ. ಸೀರಿ ಇವಳ್ದ ಅಂತ ಆದ್ರ ಮಾತು ಮುಗೀತು. ಅಲ್ಲಂತ ಆದ್ರ ಮುಂದಿನ ವರ್ಷ ಜಪಾನ್."

"ಮಾತು ಕೊಟ್ರಾ?" ಅಂದರು ಆಂಟಿ.

"ಕೊಟ್ಟೆ."

ಆಂಟಿ ಒಳಗೆ ಹೋಗಿ ಬೀರುವಿನಿಂದ ಆ ಸೀರೆ ತಂದು ಟೇಪಿನ ಜೊತೆ ದಿಂಬಿನ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಆಗ ಅವರ ಮುಖದಲ್ಲಿ ಏನೋ ಇತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಅವರ ಮುಖ ನೋಡಲಿಲ್ಲ, ನುಸಿಗುಳಿಗೆಯ ವಾಸನೆಗೆ ಸೀನು ಬಂದಿತ್ತು.

ನಮ್ಮ ಕೆಲಸದಲ್ಲಿ ಬಣ್ಣ ಸರಿಪಡಿಸಬೇಕಾದರೆ ಚಿತ್ರದೊಳಗೆ ನಿಜವಾದ ಬಣ್ಣ ಗೊತ್ತಿರುವ ಒಂದು ವಸ್ತು ಬೇಕು. ಬಿಳಿ ಗೋಡೆ, ಬೂದು ಕಾರ್ಡು, ಏನಾದರೂ. ಅದನ್ನು ಸರಿಮಾಡಿದರೆ ಉಳಿದ ಲೋಕ ತಾನಾಗಿ ಅದರ ಹಿಂದೆ ಬರುತ್ತದೆ. ಈ ನೀಲಿ ಜಪಾನಿನಲ್ಲಿ ನನಗೆ ಗೊತ್ತಿದ್ದದ್ದು ಏನೂ ಇರಲಿಲ್ಲ. ಟೇಪಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಎರಡೂ ಕಡೆ ಇರಬಹುದಾದ ವಸ್ತು ಸೀರೆಯೊಂದೇ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನು ಬರ್ಬ್ಯಾಂಕಿನ ಪಾರ್ಕಿಂಗ್ ಲಾಟಿಗೆ ಒಯ್ದು ನನ್ನ ಕಾರಿನ ಬಾಗಿಲ ಮೇಲೆ ನೆರಳಿನಲ್ಲಿ ಹರಡಿ ಫೋಟೋ ತೆಗೆದೆ, ಏಕೆಂದರೆ ರೇಷ್ಮೆ ದೀಪದ ಕೆಳಗೆ ಸುಳ್ಳು ಹೇಳುತ್ತದೆ. ಪಕ್ಕದ ಕೋಣೆಯ ಸಹೋದ್ಯೋಗಿ ಸಿಗರೇಟು ಸೇದುತ್ತಾ ಬಂದು, ಕರ್ಟನ್ ಮಾರುತ್ತಿದ್ದೀಯಾ ಎಂದು ಕೇಳಿದ. ಆರು ಗಜದ ಉದ್ದ ನೋಡಿ, ಯಾವ ಕಿಟಕಿಗೆ ಎಂದೂ ಕೇಳಿದ.

ಬಣ್ಣ ನಿಧಾನವಾಗಿ ಬಂತು. ಮೊದಲು ಹಸಿರು, ಆಮೇಲೆ ಅಂಚಿನ ಕುಂಕುಮ ಬಣ್ಣ, ಅಂಚಿನೊಳಗಿನ ಮಾವಿನಕಾಯಿಗಳ ಜರಿ. ಆಮೇಲೆ ಹುಲ್ಲು, ಜನರ ಚರ್ಮ, ಕಟ್ಟಕಡೆಗೆ ಹೂವು. ಕುರ್ಚಿಯ ಮೇಲಿನ ಸೀರೆ ಮತ್ತು ತೆರೆಯ ಮೇಲಿನ ಸೀರೆ ಒಂದೇ ಆಗಿದ್ದವು. ಮಾವಿನಕಾಯಿಗಳ ನಡುವಿನ ಅಂತರವೂ ಒಂದೇ.

ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ್ದರೆ ಆ ಸೀರೆ ಕಂದು ಬಣ್ಣದ ಯಾರದ್ದೋ ಸೀರೆಯಾಗುತ್ತಿತ್ತು, ಆಂಟಿ ಜಪಾನಿಗೆ ಹೋಗುತ್ತಿದ್ದರು. ಇಂಥ ಕೆಲಸವನ್ನು ಅಪರಿಚಿತ ನಿರ್ಮಾಪಕರಿಗಾಗಿ ದಿನಾ ಮಾಡುತ್ತಿದ್ದವಳು ನಾನು. ಆದರೂ ಮಾಡಲಿಲ್ಲ. ಪ್ರಾಮಾಣಿಕತೆಯಿಂದಲ್ಲ, ಅಷ್ಟು ಚೆನ್ನಾಗಿ ಹೊಂದಿದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ. ಆ ಹದಿನಾಲ್ಕು ಸೆಕೆಂಡುಗಳನ್ನು ನೂರು ಸಲವಾದರೂ ನೋಡಿದ್ದೆ. ಸೀರೆ ಉಟ್ಟವಳನ್ನು ಒಂದು ಸಲವೂ ನೋಡಿರಲಿಲ್ಲ.

ಮುಂದಿನ ಶನಿವಾರ ಸ್ಯಾನ್ ಡಿಯಾಗೋದ ಸೋಫಾದಲ್ಲಿ ಮೂವರೂ ಕೂತೆವು. ತೆರೆಯ ಮೇಲೆ ಗಿಣಿಹಸಿರು ಬಂದು ನಿಂತಿತು.

"ನನ್ನದೇ ಸೀರೆ," ಅಂದರು ಆಂಟಿ. ಮಡಿಲಲ್ಲಿದ್ದ ನಿಜವಾದ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಿದ್ದರು. ಅದನ್ನು ತೆರೆಯ ಕಡೆ ಎತ್ತಿ ಹಿಡಿದು, "ಹಾಗಾದ್ರೆ ನಾನೇ ಇರಬೇಕು. ಹೋಗಿದ್ದೆನೇನೋ. ಮರ್ತಿದೀನೇನೋ," ಅಂದರು.

"ಆಗ್ತದ. ವಯಸ್ಸಾತಲ್ಲ," ಎಂದರು ಅಂಕಲ್, ಮೆತ್ತಗೆ. ಗೆದ್ದೆ ಎಂದು ಕುಣಿದಿದ್ದರೂ ಅಷ್ಟು ಕೆಟ್ಟದಾಗಿರುತ್ತಿರಲಿಲ್ಲ.

ಆಂಟಿ ಅಡುಗೆಮನೆಗೆ ಹೋದರು. ನಲ್ಲಿಯ ಶಬ್ದ ಬಂತು. ನನ್ನ ವೃತ್ತಿಜೀವನದ ಅತ್ಯಂತ ಕರಾರುವಾಕ್ಕಾದ ಕೆಲಸದಿಂದ ನಾನು ಒಬ್ಬ ಹೆಂಗಸಿನ ತಲೆಯೊಳಗಿನ ಒಂದು ಇಡೀ ದಿನವನ್ನು ಒರೆಸಿ ಹಾಕಿದ್ದೆ. ಹೋಟೆಲ್ ಕೋಣೆ, ಕುಕ್ಕರು, ಬಗ್ಗಿದ ಮ್ಯಾನೇಜರ್, ಎಲ್ಲ ಹೋಯಿತು. ಅಂಕಲ್ ಖುಷಿಗೆ ಮತ್ತೊಮ್ಮೆ ಹಾಕಿದರು, ಮತ್ತೊಮ್ಮೆ. ಮೂರನೆಯದೋ ನಾಲ್ಕನೆಯದೋ ಸಲ ಆಂಟಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಸೋಫಾದ ಹಿಂದೆ ನಿಂತರು.

"ನಿಲ್ಸಿ," ಅಂದರು. "ಕೊನೇಲಿ ಬಗ್ತಾಳಲ್ಲ, ಅಲ್ಲಿಗೆ ಹಾಕಿ."

ಅಂಕಲ್ ಹಾಕಿದರು.

"ಸೆರಗೆಲ್ಲಿದೆ?"

"ಯಾವ ಸೆರಗು?"

"ಬೆನ್ನ ಮೇಲೆ ಸೆರಗೇ ಇಲ್ಲ ನೋಡಿ." ಆಂಟಿ ಟೀವಿಯ ಮುಂದೆ ಬಂದು ನಮಗೆ ಬೆನ್ನು ಮಾಡಿ ನಿಂತರು. "ನಂದು ಎಡಗಡೆ ಹೆಗಲಿಂದ ಹಿಂದಕ್ಕೆ ಬಿದ್ದಿದೆ. ಅವಳದು ಹಿಂದಿನಿಂದ ಬಂದು ಬಲಗಡೆ ಹೆಗಲ ಮೇಲಿಂದ ಮುಂದಕ್ಕೆ ಹೋಗಿದೆ. ಬಗ್ಗಿದಾಗ ಎದೆ ಮೇಲೆ ಹರಡಿದೆ, ಕಾಣ್ತಿದ್ಯಾ? ಗುಜರಾತಿನೋರು ಹಾಗೆ ಉಡೋದು."

ಕಂಡಿತು. ಕಂಡಮೇಲೆ ಬೇರೇನೂ ಕಾಣಲಿಲ್ಲ. ನಾನೂ ಸೀರೆ ಉಡುವವಳೇ. ವರ್ಷಕ್ಕೆರಡು ಸಲವಾದರೂ.

"ನೀ ಅವತ್ತೊಂದಿನ ಹಂಗ ಉಟ್ಟಿರಬೇಕು," ಎಂದರು ಅಂಕಲ್.

"ನೀವು ಎಂದಾದ್ರೂ ಒಂದಿನ ಪ್ಯಾಂಟನ್ನ ಹಿಂದುಮುಂದು ಹಾಕ್ಕೊಂಡು ಸಮ್ಮೇಳನಕ್ಕೆ ಹೋಗಿದ್ರಾ?"

ಆಂಟಿ ಅಲ್ಲೇ ಟೀವಿಯ ಮುಂದೆ ನಿಂತು ಒಂದೊಂದಾಗಿ ಜೋಡಿಸತೊಡಗಿದರು. "ಅವಳ ಸೂಟ್‌ಕೇಸ್ ಬಂದಿರ್ಲಿಲ್ಲ. ಸಮ್ಮೇಳನದಲ್ಲಿ ನಿಮ್ಮ ಜೊತೆ ಪೇಪರ್ ಓದಿದ್ನಲ್ಲ ಅಹಮದಾಬಾದಿನೋನು, ಅವನ ಹೆಂಡ್ತಿ. ಹೂವಿನ ಹತ್ರ ಫೋಟೋಗೆ ಪ್ಯಾಂಟಲ್ಲಿ ಹೆಂಗೆ ನಿಲ್ಲಲಿ ಅಂದ್ಲು. ನಾನೇ ಕೊಟ್ಟೆ. ಆಮೇಲೆ ಇಸ್ತ್ರಿ ಮಾಡಿ ವಾಪಸ್ ಕೊಟ್ಲು, ಗಂಡನ ಪೆಟ್ಟಿಗೇಲಿದ್ದ ಒಂದು ಡಬ್ಬಿ ಖಾಖ್ರಾ ಇಟ್ಟು, ಅದೇ ಹಪ್ಪಳದ ಥರ ಗರಿಗರಿ ರೊಟ್ಟಿ. ಖಾಖ್ರಾ ನೀವೇ ತಿಂದಿದ್ದು, ವಿಮಾನದಲ್ಲಿ."

ಖಾಖ್ರಾ ಅಂಕಲ್‌ಗೆ ನೆನಪಿತ್ತು. ಅದು ಅವರ ಮುಖದಲ್ಲಿ ಕಂಡಿತು.

"ಹಂಗಾದರ ಇಷ್ಟು ವರ್ಷ ನಾ ತೋರಿಸಿದ್ದು..."

"ಬೇರೆಯವರ ಹೆಂಡ್ತೀನ. ಅದಿರ್ಲಿ ಬಿಡಿ, ನೋಡೋಕೆ ಚೆನ್ನಾಗಿದಾಳೆ." ಆಂಟಿ ಸೋಫಾದ ತುದಿಯಲ್ಲಿ ಕೂತರು. "ಬೆಳಗ್ಗೆಯಿಂದ ಸಾಯಂಕಾಲದ ತನಕ ನಾನು ಬಸ್ಸಲ್ಲೂ ಇರ್ಲಿಲ್ಲ, ಪಾರ್ಕಲ್ಲೂ ಇರ್ಲಿಲ್ಲ. ನಿಮಗೆ ಗೊತ್ತಾಗ್ಲಿಲ್ಲ."

"ಹಿಂದ ಕೂತೀ ಅಂದಕೊಂಡೆ," ಎಂದರು ಅಂಕಲ್.

ಈ ಕಥೆಯನ್ನು ಗೆಳತಿಯರಿಗೆ ಹೇಳುವಾಗ ನಾನು ಇಲ್ಲಿ ಅಂಕಲ್ ಕೈಯಲ್ಲಿ ಕ್ಷಮೆ ಕೇಳಿಸಿದ್ದಿದೆ. ಕೇಳುವವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಅಂಕಲ್ ಕ್ಷಮೆ ಕೇಳಲಿಲ್ಲ. ಟೇಪಿನ ಡಬ್ಬಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, "ಹೆಂಡತಿ" ಎಂಬ ಪದವನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಆ ದಿನದ ತಾರೀಖು ಹಾಕಿ ಸಹಿ ಮಾಡಿದರು. ತಪ್ಪಾದ ಅಳತೆಯನ್ನು ತಿದ್ದುವ ರೀತಿ ಅದು ಎಂದು ಆಮೇಲೆ ಗೊತ್ತಾಯಿತು. ಒರೆಸುವಂತಿಲ್ಲ, ತಪ್ಪು ಕಾಣುವಂತೆಯೇ ಇರಬೇಕು.

"ಸರಿ," ಅಂದರು. "ನಾ ನೋಡೀನಿ, ನೀ ನೋಡಿಲ್ಲ. ನೀ ಹೋಗಿ ಬಾ."

"ಒಬ್ಬಳೇನಾ?"

"ಇಕಿನ್ನ ಕರಕೊಂಡು ಹೋಗು. ಕೆಲಸ ಮಾಡ್ಯಾಳ, ಕೂಲಿ ಅಂತ ಆಗ್ಲಿ."

ಅವರಿಬ್ಬರದು ಅಮೆರಿಕದ ಪಾಸ್‌ಪೋರ್ಟು, ನನ್ನದು ಭಾರತದ್ದು. ಲಾಸ್ ಏಂಜಲಿಸ್‌ನಲ್ಲಿ ಜಪಾನ್ ವೀಸಾಕ್ಕೆ ಅಪ್ಲೈ ಮಾಡಬೇಕಾದವಳು ನಾನೊಬ್ಬಳೇ. ಪ್ರತಿದಿನ ಎಲ್ಲಿ, ಏನು ಮಾಡುತ್ತೀರಿ ಎಂದು ಒಂದು ಪಟ್ಟಿ ಬರೆದುಕೊಡಬೇಕಿತ್ತು. ಫೋನಿನಲ್ಲಿ ಆಂಟಿಯನ್ನು ಕೇಳಿದೆ. "ಎಂಟು ದಿನಕ್ಕೂ ಮರದ ಕೆಳಗೆ ಕೂರೋದು ಅಂತ ಬರಿ," ಅಂದರು. ನಾನು ದೇವಸ್ಥಾನ, ಮ್ಯೂಸಿಯಂ ಎಂದೆಲ್ಲ ಸೇರಿಸಿ ಬರೆದೆ. ಒಂದಕ್ಕೂ ಹೋಗಲಿಲ್ಲ.

ಮುಂದಿನ ವಸಂತದಲ್ಲಿ ಟೋಕಿಯೋದ ಒಂದು ಪಾರ್ಕಿನಲ್ಲಿ ಆಂಟಿ ಮರದ ಕೆಳಗೆ ಕೂತರು. ಇದು ಶಾಂತವಾದ ದೃಶ್ಯವೆಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಹಬ್ಬದ ಸಂತೆಯ ಹಾಗಿತ್ತು. ಪ್ಲಾಸ್ಟಿಕ್ ಹಾಳೆಗಳ ಮೇಲೆ ಇಡೀ ಆಫೀಸುಗಳು ಬೂಟು ಕಳಚಿಟ್ಟು ಕೂತಿದ್ದವು. ಟೈ ಕಟ್ಟಿದವರು ಕುಡಿದು ಹಾಡುತ್ತಿದ್ದರು. ಕಕ್ಕಸಿಗೆ ಉದ್ದನೆಯ ಸಾಲಿತ್ತು. ವಿಪರೀತ ಚಳಿ. ಇಷ್ಟೆಲ್ಲದರ ಮೇಲೆ, ಯಾರನ್ನೂ ಲೆಕ್ಕಿಸದೆ, ಆಕಾಶ ಕಾಣದಷ್ಟು ಹೂವು. ನಾನು ಅಭ್ಯಾಸಬಲದಿಂದ ಅದರ ಬಣ್ಣ ಯಾವುದೆಂದು ತೂಗಲು ಹೋದೆ, ಗಾಳಿ ಬೀಸಿದಾಗಲೆಲ್ಲ ಅದು ಬೇರೆಯಾಗುತ್ತಿತ್ತು, ಬಿಟ್ಟುಬಿಟ್ಟೆ. ಆಂಟಿ ಸ್ವೆಟರಿನ ಮೇಲೆ ಶಾಲು ಹೊದ್ದು, ಪ್ಲಮ್ ಉಪ್ಪಿನಕಾಯಿ ತುಂಬಿದ ಅನ್ನದ ಉಂಡೆ ತಿನ್ನುತ್ತಿದ್ದರು. "ಉಪ್ಪಿನಕಾಯಿಗೆ ಖಾರ ಹಾಕೋದನ್ನೇ ಮರ್ತಿದಾರೆ," ಅಂದರು. ತಲೆಯ ಮೇಲೆ ಬಿದ್ದ ಎಸಳುಗಳನ್ನು ಕೊಡವಿಕೊಳ್ಳಲಿಲ್ಲ.

ಎರಡನೆಯ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಅಂಕಲ್ ಫೋನ್ ಮಾಡಿದರು. ಸ್ಯಾನ್ ಡಿಯಾಗೋದಲ್ಲಿ ಅದು ಹಿಂದಿನ ದಿನದ ಸಂಜೆ, ಊಟದ ಹೊತ್ತು. ಆಂಟಿ ಸ್ಪೀಕರ್ ಹಾಕಿದರು, ಬೆರಳಿಗೆ ಅನ್ನ ಅಂಟಿತ್ತು.

"ಹೆಂಗದ?"

"ನಿಮಗೆ ಗೊತ್ತಲ್ಲ. ನೀವು ನೋಡಿದೀರಲ್ಲ."

ಆ ಕಡೆ ಕುರ್ಚಿ ಎಳೆದ ಶಬ್ದ ಬಂತು.

"ಆ ಕ್ಯಾಮೆರಾದ ಕಿಂಡಿಯೊಳಗ ಬಣ್ಣ ಇರಲಿಲ್ಲ," ಎಂದರು ಅಂಕಲ್. "ಕಪ್ಪು ಬಿಳಪು ಅಷ್ಟ. ಇಡೀ ದಿನ ಅದರೊಳಗ ಕಣ್ಣಿಟ್ಟಿದ್ದೆ. ಹೊರಗ ತಲಿ ತೆಗೆದು ನೋಡಿದ್ದು ನೆನಪಿಲ್ಲ. ಈಗ ಕೂತು ವಿಚಾರ ಮಾಡೀನಿ, ನೆನಪಾಗವಲ್ದು."

ಆಂಟಿ ಅನ್ನದ ಉಂಡೆಯನ್ನು ಕಾಗದದ ಮೇಲೆ ಇಟ್ಟರು. ನಮ್ಮ ಪಕ್ಕದ ಆಫೀಸಿನವರು ಹೊಸ ಹಾಡು ಶುರುಮಾಡಿದ್ದರು, ಅದು ಮುಗಿಯುವವರೆಗೆ ಕಾದರು.

"ಹೂವು ಇನ್ನೂ ನಾಲ್ಕೈದು ದಿನ ಇರತ್ತಂತೆ," ಅಂದರು. "ನಾನಂತೂ ಫೋನಲ್ಲಿ ಹೇಳಲ್ಲ."

"ನನ್ನ ಪಾಸ್‌ಪೋರ್ಟ್ ಎಲ್ಲಿಟ್ಟೀ?"

"ಓದೋ ಮೇಜಿನ ಎರಡನೇ ಡ್ರಾಯರು, ಇನ್ಶೂರೆನ್ಸ್ ಫೈಲಿನ ಕೆಳಗೆ. ಉಣ್ಣೆ ಟೋಪಿ ತನ್ನಿ, ಇಲ್ಲಿ ಚಳಿ."